ಏಪ್ರಿಲ್, ಮೇನಲ್ಲಿ ಸಹ್ಯಾದ್ರಿ ಹತ್ತುವುದಾದರೆ: ಗುಡುಗು ಏಳುವ ಮೊದಲೇ ಇಳಿದುಬಿಡಿ

ಯುಗಾದಿ ಮುಗಿದು ಮಕ್ಕಳಿಗೆ ರಜೆ ಬಿಟ್ಟಿತೆಂದರೆ ಪುಣೆಯ ಕನ್ನಡದ ಮನೆಗಳಿಗೆ ಊರಿಂದ ನೆಂಟರು ಬರುತ್ತಾರೆ. ಬಂದವರನ್ನು ಸುತ್ತಲಿನ ಬೆಟ್ಟದ ಕೋಟೆಗಳಿಗೆ, ಸಿಂಹಗಡಕ್ಕೋ ರಾಜಗಡಕ್ಕೋ ಕರೆದುಕೊಂಡು ಹೋಗಬೇಕು. ಆಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, "ಬಿಸಿಲು ಜಾಸ್ತಿ, ಮೂರು ಗಂಟೆ ಮೇಲೆ ಹೊರಡೋಣ" ಅಂತ. ಈ ಎರಡು ತಿಂಗಳಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಬಿಸಿಲು ಇಳಿಯುವ ಹೊತ್ತಿಗೇ ಅಲ್ವಾ ಮಳೆ, ಮಿಂಚು ಶುರುವಾಗುವುದು.

ಮರಾಠಿಯವರು ವಳೀವ ಪಾಊಸ್ ಅನ್ನುವ, ನಮ್ಮ ಕಡೆ ಅಡ್ಡಮಳೆ ಅನ್ನುವ ಮಳೆ ಇದು. ಬೆಳಿಗ್ಗೆಯಿಂದ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇಳುತ್ತದೆ, ಆ ದಿನ ಅರಬ್ಬೀ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ತೇವ ಬಂದು ಸೇರಿದ್ದರೆ ಎರಡು ಮೂರು ಗಂಟೆಯ ಹೊತ್ತಿಗೆ ಮೋಡ ಎತ್ತರಕ್ಕೆ ಬೆಳೆದುಬಿಡುತ್ತದೆ. ಬೆಟ್ಟದ ಇಳಿಜಾರು ಆ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಆಕಾಶ ನೀಲಿಯಾಗಿದೆ ಎಂದು ಧೈರ್ಯ ತಂದುಕೊಳ್ಳಬೇಡಿ. ಮೋಡವಿಲ್ಲದ ಬೆಳಿಗ್ಗೆಯಲ್ಲಿ ನೆಲ ಇನ್ನೂ ಚೆನ್ನಾಗಿ ಕಾಯುತ್ತದೆ. ಊರಲ್ಲಿ ಭರಣಿ ಸುರಿದರೆ ಧರಣಿ ಬದುಕೀತು ಅಂತ ಹಿರಿಯರು ಕಾಯುತ್ತಿರುತ್ತಾರೆ, ಸರಿ. ಅದೇ ಭರಣಿ ಮಳೆ ತೋರಣಾ ಕೋಟೆಯ ತುದಿಯಲ್ಲಿ, 1,403 ಮೀಟರ್ ಎತ್ತರದ ಬೋಳು ಬಂಡೆಯ ಮೇಲೆ ಸಿಕ್ಕರೆ ಕಥೆ ಬೇರೆ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಸಿಂಹಗಡವಾದರೆ ಬುಡದ ಅತಕರವಾಡಿಯಿಂದ ಬೆಳಿಗ್ಗೆ ಐದೂವರೆಗೆ ಹತ್ತಲು ಶುರು ಮಾಡಿ. ಮೇಲೆ ಪಿಠಲ-ಭಾಕರಿ (ನಮ್ಮ ಜುಣಕ, ಜೋಳದ ರೊಟ್ಟಿಯೇ ಅಂದುಕೊಳ್ಳಿ), ಮಡಕೆ ಮೊಸರು ತಿಂದು, ಹತ್ತರೊಳಗೆ ಇಳಿಯಲು ಹೊರಡಿ. ರಾಜಗಡ, ತೋರಣಾ ಇದಕ್ಕಿಂತ ಕಷ್ಟ. ಹಿಂದಿನ ರಾತ್ರಿಯೇ ಬುಡದ ಊರಲ್ಲಿ, ರಾಜಗಡಕ್ಕಾದರೆ ಗುಂಜವಣೆಯಲ್ಲಿ, ತೋರಣಾಕ್ಕಾದರೆ ವೇಲ್ಹೆಯಲ್ಲಿ ಉಳಿದು, ಬೆಳಕು ಹರಿಯುವಾಗ ಹತ್ತಿ, ಹನ್ನೆರಡಕ್ಕೆ ಕೆಳಗಿರಬೇಕು. ಎಷ್ಟು ಹತ್ತಿದಿರಿ ಅನ್ನುವುದನ್ನು ನೋಡಬೇಡಿ, ಹತ್ತು ಗಂಟೆಯಾದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ರಾಜಗಡದಿಂದ ತೋರಣಾಕ್ಕೆ ಏಣುಗುಂಟ ನಡೆಯುವ ದಾರಿ ಚಂದವೇ, ಆದರೆ ಗಂಟೆಗಟ್ಟಲೆ ಬಯಲಲ್ಲಿರುತ್ತೀರಿ, ಓಡಿ ಹೋಗಿ ನಿಲ್ಲಲು ಜಾಗವಿಲ್ಲ. ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಈ ವಿಷಯದಲ್ಲಿ ಪುಣೆಯವರಿಗೆ ನೆಪ ಹೇಳಲು ದಾರಿಯಿಲ್ಲ, ಶಿವಾಜಿನಗರದ 'ಸಿಮ್ಲಾ ಆಫೀಸ್' ಸ್ಟಾಪಿನಲ್ಲಿ ಇಳಿದರೆ ಎದುರಿಗಿರುವುದು ಅದೇ ಇಲಾಖೆ. ಪುಣೆ ಜಿಲ್ಲೆಯ ಘಾಟ್ ಭಾಗಕ್ಕೆ ಬೇರೆಯಾಗಿ ಎಚ್ಚರಿಕೆ ಕೊಡುತ್ತಾರೆ, ಅದನ್ನು ನೋಡಿ, ನಗರದ್ದನ್ನಲ್ಲ. ಗುಡುಗು ಮಿಂಚಿನ ಯೆಲ್ಲೋ ಅಲರ್ಟ್ ಇದ್ದರೆ ನಗರದಲ್ಲಿ ಕೊಡೆ ಹಿಡಿದು ಹೊರಡಬಹುದು. ಗಡಕ್ಕೆ ಹೋಗುವುದಾದರೆ ನಾನಂತೂ ಆ ದಿನ ಮಧ್ಯಾಹ್ನದ ಮಾತೇ ಎತ್ತುವುದಿಲ್ಲ, ಆರೆಂಜ್ ಇದ್ದರೆ ಮನೆಯಲ್ಲೇ ಇರುತ್ತೇನೆ. ಜೊತೆಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಇಲ್ಲೇ ಪುಣೆಯ ಪಾಷಾಣ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿಸಿದ್ದು, ನೀವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರ್ ಒಳಗೆ ಸಿಡಿಲಿನ ಅಪಾಯ ಇದೆಯಾ ಅಂತ ತೋರಿಸುತ್ತದೆ. ಮೇಲೆ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ, ಹತ್ತುವ ಮೊದಲೇ ನೋಡಿ.

ಆಮೇಲೆ ಕಣ್ಣು, ಕಿವಿಯೇ ಗತಿ. ಮೋಡ ಹೂಕೋಸಿನ ಹಾಗೆ ಉಬ್ಬುತ್ತಾ ಮೇಲೇರುತ್ತಿದ್ದರೆ, ತಳ ಕಪ್ಪಾಗಿ ಚಪ್ಪಟೆಯಾಗುತ್ತಿದ್ದರೆ ಇಳಿಯಿರಿ. ಎಲ್ಲರೂ ಕೊಂಕಣದ ಕಡೆಯೇ ನೋಡುತ್ತಾ ನಿಂತಿರುತ್ತಾರೆ. ಮುಂಗಾರಿನ ಹಾಗೆ ಇದು ಪಶ್ಚಿಮದಿಂದಲೇ ಬರಬೇಕೆಂದಿಲ್ಲ, ಪೂರ್ವದಿಂದ, ನಿಮ್ಮ ಬೆನ್ನ ಹಿಂದಿನಿಂದಲೂ ಬರುತ್ತದೆ. ಸೆಕೆ ಹಿಡಿದು ಗಾಳಿ ನಿಂತು, ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಧೂಳೆಬ್ಬಿಸಿತು ಅಂದರೆ ಮಳೆಗೆ ಇನ್ನು ಕೆಲವೇ ನಿಮಿಷ. ಕೆಲವೊಮ್ಮೆ ಆಲಿಕಲ್ಲು ಕೂಡ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ ಮೂವತ್ತು ದಾಟಲಿಲ್ಲವಾದರೆ ಸಿಡಿಲು ಬಡಿಯುವ ಅಳತೆಯೊಳಗೇ ಇದ್ದೀರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಬಯಲಿಗೆ ಬರಬೇಡಿ.

ಸಿಕ್ಕಿಹಾಕಿಕೊಂಡರೆ? ಬುರುಜು, ಮಾಚಿಯ (ಕೋಟೆಯ ಚಾಚಿದ ಮಟ್ಟಸ ಭಾಗದ) ತುದಿ, ಧ್ವಜದ ಕಂಬ, ಟವರ್, ಒಂಟಿ ಮರ, ಇವುಗಳಿಂದ ದೂರ ಹೋಗಿ. ತೋರಣಾದಲ್ಲೂ ರಾಜಗಡದ ಚೋರ್ ದರವಾಜಾ ದಾರಿಯಲ್ಲೂ ಕಡಿದಾದ ಕಡೆ ಕಬ್ಬಿಣದ ಕಂಬಿ ಹಾಕಿದ್ದಾರೆ. ಮಿಂಚುವಾಗ ಅದನ್ನು ಹಿಡಿಯುವುದು ಅಪಾಯ, ಹಿಡಿಯದೆ ಇಳಿಯಲೂ ಆಗುವುದಿಲ್ಲ. ಅದಕ್ಕೇ ಬೇಗ ಇಳಿಯಿರಿ ಅನ್ನುವುದು. ತಡವಾಗಿದ್ದರೆ ರಾಜಗಡದ ಪದ್ಮಾವತಿ ಗುಡಿ, ತೋರಣಾದ ಮೆಂಗಾಈ ಗುಡಿಯ ಒಳಗೆ ಗೋಡೆಗೆ ಒರಗದೆ ಕೂತುಕೊಳ್ಳಿ. ಭಜಿ ಅಂಗಡಿಯ ತಗಡಿನ ಚಪ್ಪರ ಆಲಿಕಲ್ಲಿಗೆ ಆದೀತು, ಸಿಡಿಲಿಗಲ್ಲ. ಗುಹೆಯ ಬಾಯಲ್ಲಿ, ಚಾಚಿದ ಬಂಡೆಯ ಕೆಳಗೆ ನಿಲ್ಲುವುದೂ ಬೇಡ, ಬಂಡೆಗುಂಟ ಬಂದ ವಿದ್ಯುತ್ ಅಲ್ಲಿಂದ ನಿಮ್ಮ ಮೈಗೆ ಹಾರಬಹುದು. ಯಾವ ಆಸರೆಯೂ ಇಲ್ಲದಿದ್ದರೆ ಎತ್ತರದ ಜಾಗ ಬಿಟ್ಟು ತಗ್ಗಿಗೆ ಬಂದು, ಒಬ್ಬರಿಂದೊಬ್ಬರು ದೂರ ದೂರ, ಕಾಲು ಜೋಡಿಸಿ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಮಲಗಬೇಡಿ. ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮಳೆ ನಿಂತ ಮೇಲೆ ಅವಸರ ಮಾಡಬೇಡಿ. ತಿಂಗಳುಗಟ್ಟಲೆ ಕೂತ ಧೂಳು ಮೊದಲ ಮಳೆಗೆ ಕೆಸರಾಗಿ ಬಂಡೆಯ ಮೇಲೆ ಜಾರುತ್ತದೆ, ಒಣಹುಲ್ಲು ಅದಕ್ಕಿಂತ ಜಾಸ್ತಿ. ಟಾರ್ ರಸ್ತೆಯೂ ಹಾಗೇ. ಎಣ್ಣೆ, ಧೂಳು ಸೇರಿ ಘಾಟಿನ ತಿರುವುಗಳಲ್ಲಿ ಬೈಕ್ ನಿಲ್ಲುವುದಿಲ್ಲ.

ಚೀಲಕ್ಕೆ ಹೆಚ್ಚೇನೂ ಬೇಡ. ತಲಾ ಮೂರು ನಾಲ್ಕು ಲೀಟರ್ ನೀರು, ಗಡದ ಟಾಕೆಗಳನ್ನು (ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳನ್ನು) ಬೇಸಿಗೆಯಲ್ಲಿ ನಂಬಲಾಗದು. ಓಆರ್‌ಎಸ್, ಟೋಪಿ, ಟಾರ್ಚ್, ತೆಳು ರೇನ್‌ಕೋಟ್. ಕೊಡೆ ಆ ಗಾಳಿಗೆ ತಡೆಯುವುದಿಲ್ಲ. ಸೆಂಟ್ ಹಾಕಿಕೊಂಡು ಬರಬೇಡಿ, ಕೋಟೆಯ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ.

ಮೇ ಕೊನೆಯಲ್ಲಿ ಲೋಣಾವಳದ ಬಳಿಯ ರಾಜಮಾಚಿ ಕೋಟೆಗೆ ಮಿಂಚುಹುಳ ನೋಡಲು ಹೋಗುವವರಿಗೆ ಈ ಬೆಳಗಿನ ಲೆಕ್ಕ ನಡೆಯುವುದಿಲ್ಲ, ಅದು ರಾತ್ರಿಯ ಆಟ. ಅವರು ಮಧ್ಯಾಹ್ನದೊಳಗೆ ಕೋಟೆಯ ಬುಡದ ಉಧೇವಾಡಿ ಸೇರಿ, ಊರಿನ ಮನೆಯೊಂದರಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಲಿ. ಸಂಜೆ ಗುಡುಗಿದರೆ ಮನೆಯಿಂದ ಹೊರಬರುವುದು ಬೇಡ. ಮುಂಗಾರು ಜೋರಾಗುವವರೆಗೂ ಹುಳಗಳು ಇರುತ್ತವೆ, ಮುಂದಿನ ವಾರ ಹೋದರೂ ಕಾಣುತ್ತವೆ.