ಏಳು ಗಂಟೆಗೆ ಹೋಗಲು ಒಂದು ಜಾಗ: ನಾನು ಎ.ಎ. ಮೀಟಿಂಗ್ ಹುಡುಕಿಕೊಂಡ ಬಗೆ

ಎ.ಎ. ಅಂದರೆ ಕುಡಿತ ಬಿಡಬೇಕು ಅನ್ನುವವರೇ ಕೂಡಿ ಕೂತು ಮಾತಾಡುವ ಗುಂಪು. ಕುಡಿತ ಬಿಡಬೇಕು, ಅವರ ಯಾವ ಮೀಟಿಂಗಿಗೆ ಹೋಗಲಿ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು ಇದನ್ನೇ: "ನೀವು ದಿನಾ ಎಷ್ಟು ಗಂಟೆಗೆ ಶುರು ಮಾಡ್ತೀರಿ?" ಆ ಹೊತ್ತಿಗೆ ಸರಿಯಾಗಿ ನಡೆಯುವ ಮೀಟಿಂಗ್ ಹಿಡಿಯಿರಿ. ಮನೆಗೆ ಹತ್ತಿರ ಇದೆಯಾ, ಎಂಥ ಜನ ಬರ್ತಾರೆ ಅನ್ನೋದೆಲ್ಲ ಆಮೇಲೆ.

ನನ್ನದು ಪೀಣ್ಯದಲ್ಲಿ ಲೇತ್ ಕೆಲಸ. ಆರೂವರೆಗೆ ಮೆಷಿನ್ ಆಫ್ ಮಾಡಿ ಕೈ ತೊಳೆದರೆ ಏಳಕ್ಕೆ ಬಾರಿನಲ್ಲಿ ಇರುತ್ತಿದ್ದೆ. ಒಂದು ಕ್ವಾರ್ಟರಿಗೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕೈ ನಡುಗುತ್ತಿತ್ತು. ಮೈಕ್ರೋಮೀಟರ್ ಹಿಡಿದರೆ ಗೆರೆ ನಿಲ್ಲುತ್ತಿರಲಿಲ್ಲ, ಪಕ್ಕದ ಹುಡುಗನ ಕೈಗೆ ಕೊಟ್ಟು ಅಳತೆ ಓದಿಸುತ್ತಿದ್ದೆ.

ಹೀಗೆ ಕೈ ನಡುಗುವವರು ಮೀಟಿಂಗ್ ಹುಡುಕುವ ಮೊದಲು ಡಾಕ್ಟರ್ ಹತ್ತಿರ ಹೋಗಲೇಬೇಕು. ದಿನಾ ಜಾಸ್ತಿ ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲೇ ಫಿಟ್ಸ್ ಬರಬಹುದು. ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು. ಜೀವಕ್ಕೇ ಅಪಾಯ. ಮನೆಯಲ್ಲಿ ಕೂಡಿಹಾಕಿ ಬಿಡಿಸ್ತೀವಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ನಾನು ಬೆಂಗಳೂರಿನ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೋದೆ, ಅಲ್ಲಿ ವ್ಯಸನದ ಚಿಕಿತ್ಸೆಗೆಂದೇ ಬೇರೆ ವಿಭಾಗ ಇದೆ. ಮಾತ್ರೆ, ವಿಟಮಿನ್ ಬಿ1 ಕೊಟ್ಟು ಮೈಯನ್ನು ಒಂದು ಹದಕ್ಕೆ ತಂದರು. ದೂರ ಇರುವವರು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ಫೋನ್ ಮಾಡಿ ಕೇಳಬಹುದು. ಎರಡೂ ಉಚಿತ.

ಮೈ ಸರಿಹೋಯಿತು. ಆದರೆ ಸಂಜೆ ಏಳು ಗಂಟೆ ದಿನಾ ಬರುತ್ತದಲ್ವಾ? ಅದಕ್ಕೆ ಬರೀ ಮಾತ್ರೆ ಸಾಕಾಗಲ್ಲ. ಆಸ್ಪತ್ರೆಯ ಮೇಡಂ ಒಬ್ಬರು ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಒಂದು ಗುಂಪಿದೆ, ಎ.ಎ. ಅಂತಾರೆ, ಅಂತ ನಂಬರ್ ಬರೆದುಕೊಟ್ಟರು.

ಫೋನ್ ಎತ್ತಿದವರು ಯಾವುದೋ ಆಫೀಸಿನವರು ಅಂದುಕೊಂಡಿದ್ದೆ. "ನಾನೂ ಕುಡೀತಿದ್ದವನೇ ಕಣ್ರೀ, ಹೇಳಿ" ಅಂದರು. ಎ.ಎ. ಹುಟ್ಟಿದ್ದೂ ಇಂಥ ಒಂದು ಫೋನಿನಿಂದಲೇ ಅಂತ ಆಮೇಲೆ ತಿಳಿಯಿತು. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಅನ್ನುವವರಿಗೆ ಬಾರ್ ಕಡೆ ಮನಸ್ಸು ಎಳೆಯಿತು. ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ತಾನು ಉಳೀತೀನಿ ಅಂತ ಅವರು ಅಲ್ಲಿಂದಲೇ ಫೋನ್ ಮಾಡಿ ಹುಡುಕಿದರು. ಸಿಕ್ಕವರು ಡಾಕ್ಟರ್ ಬಾಬ್. ನನ್ನ ಫೋನ್ ಎತ್ತಿದವರಿಗೂ ನನ್ನ ಜೊತೆ ಮಾತಾಡುವ ಅಗತ್ಯ ಇತ್ತು. ಸಂಕೋಚಪಟ್ಟು ಫೋನ್ ಮಾಡದೆ ಕೂತಿರುವವರಿಗೆ ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ನೀವು ಯಾರಿಗೂ ತೊಂದರೆ ಕೊಡ್ತಿಲ್ಲ.

ಫೋನಲ್ಲೇ ಕೇಳಿಕೊಳ್ಳಬೇಕಾದದ್ದು ಕೆಲವು ಇವೆ. ಈ ವಾರವೂ ಅಲ್ಲೇ ನಡೆಯುತ್ತಾ? ಜಾಗ, ಹೊತ್ತು ಬದಲಾಗಿರುತ್ತದೆ. ಯಾವ ಭಾಷೆ? ಓಪನ್ನಾ, ಕ್ಲೋಸ್ಡಾ? ಓಪನ್ ಅಂದರೆ ಮನೆಯವರೂ ಬರಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಇನ್ನೊಂದು, ಯಾವ ಗೇಟು? ಬೋರ್ಡ್ ಕಾಣದೆ, ಕೇಳೋಕೂ ನಾಚಿಕೆಯಾಗಿ ವಾಪಸ್ ಹೋದವರಿದ್ದಾರೆ. ಸಾಧ್ಯವಾದರೆ "ಗೇಟಿಗೆ ಬರ್ತೀರಾ" ಅಂತ ಕೇಳಿಬಿಡಿ. ಬರ್ತಾರೆ.

ನಾನು ಹೋದದ್ದು ಚರ್ಚ್ ಕಾಂಪೌಂಡಿನ ಹಿಂದಿನ ಒಂದು ರೂಮಿಗೆ. ಚರ್ಚ್ ಅಂದ ಕೂಡಲೇ ನಮ್ಮಮ್ಮ ಗಾಬರಿಯಾದರು. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ರೂಮಿಗೆ ಬಾಡಿಗೆ ಕೊಡ್ತಾರೆ, ಅಷ್ಟೇ. ಆ ದುಡ್ಡು ಮೀಟಿಂಗಲ್ಲಿ ಸುತ್ತು ಬರುವ ಚೀಲದಿಂದ ಬರುತ್ತದೆ. ಹಾಕಿದರೆ ಹಾಕಬಹುದು, ಇಲ್ಲದಿದ್ದರೆ ಪಕ್ಕದವರಿಗೆ ದಾಟಿಸಬಹುದು. ಹೊರಗಿನವರ ದೇಣಿಗೆ ತಗೊಳ್ಳೋದಿಲ್ಲ. ಫೀಸಿಲ್ಲ, ರಿಜಿಸ್ಟರ್ ಇಲ್ಲ. ದೇವರ ಮಾತು ಬರುತ್ತದೆ, ಆದರೆ ಅವರವರಿಗೆ ತಿಳಿದ ದೇವರು. ನಾನು ನಮ್ಮ ಮನೆದೇವರನ್ನೇ ನೆನೆಯುತ್ತೇನೆ.

ಒಳಗೆ ಪ್ಲಾಸ್ಟಿಕ್ ಕುರ್ಚಿ, ಪೇಪರ್ ಲೋಟದಲ್ಲಿ ಟೀ, ಗೋಡೆಯ ಮೇಲೆ ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳ ಬ್ಯಾನರ್. ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಕಥೆ ಹೇಳ್ತಾರೆ. ನಡುವೆ ಯಾರೂ ಬಾಯಿ ಹಾಕೋದಿಲ್ಲ, ಬುದ್ಧಿ ಹೇಳೋದಿಲ್ಲ. ಮನೆಯಲ್ಲಿ, ಕೆಲಸದಲ್ಲಿ ಬರೀ ಬುದ್ಧಿಮಾತೇ ಕೇಳಿದ್ದ ನನಗೆ ಎಷ್ಟು ಹಗುರಾಯಿತು ಅಂದರೆ ಹೇಳಲಾರೆ. ಸುಮ್ನೆ ಕೂತು ಕೇಳಿದರೂ ಸಾಕು, ಮಾತಾಡಲೇಬೇಕು ಅಂತಿಲ್ಲ.

ಆ ಗುಂಪಿನಲ್ಲಿ ಜಾಸ್ತಿ ಇಂಗ್ಲಿಷ್. ಅರ್ಥವಾಗುತ್ತಿತ್ತು, ಆದರೆ ನನ್ನ ಸರದಿ ಬಂದಾಗ ಮಾತು ಬರುತ್ತಿರಲಿಲ್ಲ. ಮಗಳ ಸ್ಕೂಲ್ ಫೀಸಿನ ದುಡ್ಡು ಎಲ್ಲಿ ಹೋಯ್ತು ಅನ್ನೋದನ್ನು ಇಂಗ್ಲಿಷಲ್ಲಿ ಹೇಗೆ ಹೇಳಲಿ? ಅಲ್ಲಿಯವರೇ ಕನ್ನಡದ ಮೀಟಿಂಗ್ ಎಲ್ಲಿದೆ ಅಂತ ಹೇಳಿ ಕಳಿಸಿದರು. ಎರಡು ಬಸ್ ಬದಲಾಯಿಸಬೇಕು, ಆದರೆ ಏಳಕ್ಕೆ ಶುರು. ಬಾರಿನಲ್ಲಿ ಇರುತ್ತಿದ್ದ ಹೊತ್ತಿಗೆ ಈಗ ಅಲ್ಲಿ ಇರುತ್ತೇನೆ. ಮೀಟಿಂಗ್ ಇಲ್ಲದ ದಿನ ಫೋನಿನಲ್ಲಿ ಆನ್‌ಲೈನ್ ಮೀಟಿಂಗಿಗೆ ಸೇರುತ್ತೇನೆ. ಹೊರದೇಶದಲ್ಲಿ ಒಬ್ಬರೇ ಇರುವ ಕನ್ನಡದವರಿಗೂ ಇದು ಅನುಕೂಲ.

ಎರಡು ಮೂರು ಗುಂಪು ನೋಡದೆ "ಇದು ನಮಗಾಗಲ್ಲ" ಅನ್ನಬೇಡಿ. ಒಂದೊಂದು ಗುಂಪಿಗೆ ಒಂದೊಂದು ಸ್ವಭಾವ. ಹೆಸರು ಹೊರಗೆ ಹೋಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಯಾರಿದ್ದರು, ಏನಂದರು ಅನ್ನೋದು ಆ ರೂಮಿನಲ್ಲೇ ಇರಬೇಕು ಅನ್ನೋದು ಅಲ್ಲಿನ ರೂಢಿ. ನಾನೂ ಇಲ್ಲಿ ಹೆಸರು ಹಾಕಿಲ್ಲ, ಅದೂ ಆ ರೂಢಿಯಂತೆಯೇ.

ಮನೆಯವರಿಗೆ ಆಲ್-ಅನಾನ್ ಅಂತ ಬೇರೆ ಗುಂಪಿದೆ. ನಾನು ಮತ್ತೆ ಕುಡಿದರೂ ಬಿಟ್ಟರೂ ಅವರು ಹೋಗಬಹುದು. ನಮ್ಮ ಮನೆಯವಳು ನನಗಿಂತ ತಪ್ಪದೆ ಹೋಗುತ್ತಾಳೆ.

ಊರಿನ ಕಡೆ ಎ.ಎ. ಸಿಗದಿದ್ದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರನ್ನು ವಿಚಾರಿಸಿ. ಅವರ ಕಡೆಯಿಂದ ಮದ್ಯವರ್ಜನ ಶಿಬಿರ ನಡೆಯುತ್ತವೆ. ಶಿಬಿರ ಮುಗಿಸಿದವರು ಆಮೇಲೂ ಕೂಡಿ ಕೂರಲು ನವಜೀವನ ಸಮಿತಿಗಳಿವೆ. ಅದು ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಕೊಳ್ಳಿ.