ಟುಪ್ಯಾಕಾ ಬಿಗ್ಗಿನಾ? ಕಿತ್ತಾಡೋಕ್ ಮುಂಚೆ ಹಿಂಗ್ ಕೇಳಿ ನೋಡಿ

ಟುಪ್ಯಾಕ್, ಬಿಗ್ಗಿ ಇಬ್ರೂ 90ರ ದಶಕದ ಅಮೆರಿಕದ ರ‍್ಯಾಪರ್‌ಗಳು, ಯಾರ್ ಮೇಲು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಮೊದ್ಲು ಅವ್ರಿಬ್ರ ಸಾವಿನ ಕಥೆ ಪಕ್ಕಕ್ಕಿಡಿ. 1996ರ ಸೆಪ್ಟೆಂಬರಲ್ಲಿ ಲಾಸ್ ವೇಗಸ್‌ನಲ್ಲಿ ಟುಪ್ಯಾಕ್‌ಗೆ ಗುಂಡೇಟು, ಆರ್ ತಿಂಗ್ಳು ಕಳೆದ್ಮೇಲೆ ಲಾಸ್ ಏಂಜಲೀಸ್‌ನಲ್ಲಿ ಬಿಗ್ಗಿಗೆ, ಒಬ್ಬಂಗೆ 25 ಇನ್ನೊಬ್ಬಂಗೆ 24. ಯಾರ್ ಹೊಡೆಸಿದ್ರು ಅಂತ ವಿಡಿಯೋ ನೋಡ್ತಾ ಕೂತ್ರೆ ಬೆಳಗಾಗತ್ತೆ, ಒಂದ್ ಹಾಡೂ ಕೇಳಿರಲ್ಲ. ನಾನೇ ಎರಡ್ ವಾರ ಹಂಗ್ ಹಾಳ್ಮಾಡ್ಕೊಂಡಿದೀನಿ.

ಈಸ್ಟ್ ಕೋಸ್ಟ್ (ನ್ಯೂಯಾರ್ಕ್ ಕಡೆ), ವೆಸ್ಟ್ ಕೋಸ್ಟ್ (ಕ್ಯಾಲಿಫೋರ್ನಿಯಾ ಕಡೆ) ರ‍್ಯಾಪರ್‌ಗಳ ಪೈಪೋಟಿ ಅನ್ನೋದನ್ನೂ ತುಂಬಾ ಹಿಡ್ಕೋಬೇಡಿ. ವೆಸ್ಟ್‌ನ ಬಾವುಟ ಹಿಡ್ದ ಟುಪ್ಯಾಕ್ ಹುಟ್ಟಿದ್ದೇ ನ್ಯೂಯಾರ್ಕಲ್ಲಿ, ಬಾಲ್ಟಿಮೋರ್‌ನ ಆರ್ಟ್ಸ್ ಸ್ಕೂಲಲ್ಲಿ ನಾಟಕ ಕಲ್ತು ಆಮೇಲೆ ಕ್ಯಾಲಿಫೋರ್ನಿಯಾಗ್ ಹೋದೋನು. ಬಿಗ್ಗಿ ಮಾತ್ರ ಪಕ್ಕಾ ನ್ಯೂಯಾರ್ಕಿನ ಬ್ರೂಕ್ಲಿನ್.

ಆಲ್ಬಮ್‌ಗಳನ್ನ ಸರಿಯಾಗ್ ಜೋಡಿ ಮಾಡಿ. ಬಿಗ್ಗಿಯ 'ರೆಡಿ ಟು ಡೈ' (1994) ಜೊತೆ ಟುಪ್ಯಾಕ್‌ನ 'ಮಿ ಅಗೇನ್ಸ್ಟ್ ದ ವರ್ಲ್ಡ್' (1995), ಇವೆರಡ್ರ ಮಧ್ಯೆ ಆರೇ ತಿಂಗ್ಳು. ಆಮೇಲೆ ಎರಡೆರಡು ಡಿಸ್ಕಿನ ಡಬಲ್ ಆಲ್ಬಮ್‌ಗಳು, ಟುಪ್ಯಾಕ್‌ನ 'ಆಲ್ ಐಸ್ ಆನ್ ಮಿ' ಮತ್ತೆ ಬಿಗ್ಗಿಯ 'ಲೈಫ್ ಆಫ್ಟರ್ ಡೆತ್'. ಎರಡ್ನೇದು ಬಿಗ್ಗಿ ಸತ್ತು 16 ದಿನಕ್ಕೆ ಬಂತು, ಆದ್ರೆ ಅವ್ನೇ ಮುಗ್ಸಿಟ್ಟಿದ್ದ, ಹಾಗಾಗಿ ಲೆಕ್ಕಕ್ಕಿದೆ. ಅದಾದ್ಮೇಲೆ ಉಳಿದ ಟೇಪ್‌ಗೆ ಬೇರೆಯವ್ರು ಬೀಟ್ ಹಾಕಿ ಬಿಟ್ಟಿದ್ದೆಲ್ಲ ಬೇಡ, ಅದ್ರಲ್ಲಿ ಇವ್ರಿಬ್ರದ್ದೆಷ್ಟು ಬೇರೆಯವ್ರದ್ದೆಷ್ಟು ಅಂತ ಗೊತ್ತಾಗಲ್ಲ.

ಈಗ ಅಸಲಿ ಕೆಲ್ಸ. ಇಯರ್‌ಫೋನ್ ಹಾಕ್ಕೊಂಡು ಟೇಬಲ್ ಮೇಲೆ ಒಂದ್ ಎರಡ್ ಮೂರ್ ನಾಕ್ ಅಂತ ತಟ್ಟುತ್ತಾ ಪ್ರಾಸ ಎಲ್ ಬೀಳತ್ತೆ ನೋಡಿ. ಬಿಗ್ಗಿ ಪ್ರಾಸನ ಸಾಲಿನ ಕೊನೇಗಂತ ಕಾಯಲ್ಲ, ಮಧ್ಯದಲ್ಲೇ ಎರಡ್ಮೂರು ಕಡೆ ಸಿಕ್ಕಿಸ್ತಾನೆ, ಮಾತು ಒಂದ್ ಸಾಲಿಂದ ಮುಂದಿನ್ ಸಾಲಿಗೆ ಉಕ್ಕತ್ತೆ, ಆದ್ರೂ ಉಸಿರು ಕಟ್ಟಿದ ಸದ್ದಿಲ್ಲ. 'ಗಿಮ್ಮಿ ದ ಲೂಟ್'ನಲ್ಲಿ ಇಬ್ರು ಕಳ್ರು ಮಾತಾಡ್ತಾರೆ, ಮೊದಲ್ ಸಲ ಆ ಕೀಚಲು ದನಿ ಯಾರದಪ್ಪ ಅಂತ ಹುಡುಕಿದ್ದೆ, ನೋಡಿದ್ರೆ ಎರಡೂ ಬಿಗ್ಗಿನೇ!

ಟುಪ್ಯಾಕ್‌ದು ಬೇರೆ ಆಟ. ಪ್ರಾಸ ಸರಳ, ಆದ್ರೆ ಕೊನೇ ಸ್ವರ ಎಳೀತಾನಲ್ಲ, ಅಲ್ಲಿದೆ ಅವ್ನ ಜೀವ. ಜೊತೆಗೆ ಅದೇ ಸಾಲನ್ನ ಮತ್ತೆ ಮತ್ತೆ ಹೇಳಿ ಒಂದ್ರ ಮೇಲೊಂದು ಪೇರಿಸಿ ರೆಕಾರ್ಡ್ ಮಾಡ್ತಿದ್ದ, ಒಂಚೂರು ಹಿಂದೆಮುಂದೆ ಆಗಿರತ್ತೆ, ತನಗೆ ತಾನೇ ಹಿಮ್ಮೇಳ ಹಾಡ್ದಂಗೆ.

ಕೊನೇಗೆ ಅಮ್ಮನ ಹಾಡು. 'ಡಿಯರ್ ಮಾಮಾ' ಆದ್ಮೇಲೆ 'ಜ್ಯೂಸಿ' ಹಾಕಿ. ಟುಪ್ಯಾಕ್ ಅಮ್ಮ ಡ್ರಗ್ಸ್‌ಗೆ ಬಿದ್ದಿದ್ದನ್ನೂ ಮುಚ್ಚಿಡ್ದೆ ಹೇಳಿ ಆಮೇಲೂ ನೀನೇ ರಾಣಿ ಅಂತಾನೆ, ಬಿಗ್ಗಿ ಹಾಡಲ್ಲಿ ಅಮ್ಮ ಮಗನ್ನ ನೋಡಿ ಹೆಮ್ಮೆಪಡ್ತಾಳೆ. ಕಸುಬಲ್ಲಿ ಬಿಗ್ಗಿನೇ ಒಂದ್ ಕೈ ಮೇಲು, ನನ್ ಪ್ರಕಾರ. ಆದ್ರೆ ಮನಸ್ಸು ಕೆಟ್ಟಿರೋ ರಾತ್ರಿ ಬಿಗ್ಗಿನ ಹಾಕಿದ್ದು ನೆನಪೇ ಇಲ್ಲ ನಂಗೆ.

ಹಾಂ, 'ಹಿಟ್ ಎಮ್ ಅಪ್' ಇಂದ ಶುರು ಮಾಡ್ಬೇಡಿ. ಅದು ಟುಪ್ಯಾಕ್ ಬಿಗ್ಗಿಗೆ ಬೈದಿರೋ ಹಾಡು, ಬರೀ ಬೈಗುಳ, ಕೇಳಕ್ ಮಜಾ ಬಿಡಿ, ಆದ್ರೆ ಅದಾದ್ಮೇಲೆ ಬಿಗ್ಗಿ ಏನ್ ಹಾಡಿದ್ರೂ ತಣ್ಣಗ್ ಕೇಳ್ಸತ್ತೆ.