ಬೋರ್‌ವೆಲ್ ನೀರಿಗೆ ಒಗ್ಗಿದ ಬ್ರಷ್ಷು

ಮೂರು ವರ್ಷ ತುಂಬಿತು. ದಿನ ಬಿಟ್ಟು ದಿನ ಅಂತ ಲೆಕ್ಕ ಹಾಕಿದರೂ ಐನೂರು ಶೇವ್ ದಾಟಿದೆ. ಚನ್ನಪಟ್ಟಣದ ಹಿಡಿಗೆ ನಾನೇ ಕೂರಿಸಿದ ಸಿಂಥೆಟಿಕ್ ಶೇವಿಂಗ್ ಬ್ರಷ್ಷಿನಿಂದ ಇವತ್ತಿನವರೆಗೆ ಉದುರಿದ ಎಳೆ ನಾಲ್ಕೋ ಐದೋ. ಹಿಡಿಯ ಕೆಂಪು ಬಣ್ಣ ಹೊಸದರಂತೆಯೇ ಇದೆ. "ಅರಗಿನ ಹಿಡಿ ನೀರಲ್ಲಿ ಆರು ತಿಂಗಳು ಬಾಳಲ್ಲ, ಪ್ಲಾಸ್ಟಿಕ್ ಎಳೆಯಲ್ಲಿ ನೊರೆ ಕಟ್ಟಲ್ಲ" ಅಂದಿದ್ದ ಗೆಳೆಯರಿಬ್ಬರು ಈಗ ತಮಗೂ ಒಂದೊಂದು ಮಾಡಿಕೊಡು ಅನ್ನುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ರೇಜರು, ಬ್ಲೇಡಿನ ಮಾತು ಇಲ್ಲಿ ಬೇಡ, ಅದು ನಿಮಗೆಲ್ಲ ಗೊತ್ತಿರುವುದೇ. ನನ್ನ ದುಡ್ಡು ಹೋದದ್ದು ಬ್ರಷ್ಷಿಗೆ.

ಎಲ್ಲರೂ ಬ್ಯಾಜರ್, ಬ್ಯಾಜರ್ ಅಂತಿದ್ದರಲ್ಲ, ಆ ಪ್ರಾಣಿಯ ಕೂದಲಿನ ಬ್ರಷ್ಷು ನಾನೂ ತರಿಸಿದೆ. 3,800 ರೂಪಾಯಿಯೋ ಏನೋ. ಮೊದಲ ದಿನ ಒದ್ದೆ ನಾಯಿಯ ವಾಸನೆ. ಒಂದು ವಾರ ಶಾಂಪೂ ಹಾಕಿ ತೊಳೆದ ಮೇಲೆ ವಾಸನೆ ಹೋಯಿತು, ಚುಚ್ಚುವುದು ಹೋಗಲಿಲ್ಲ. ಕೂದಲು ದಟ್ಟವಾಗಿದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಆ ದಟ್ಟಣೆಯೇ ನೊರೆಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡು ಕೂತುಬಿಡುತ್ತಿತ್ತು. ಹಿಂಡಿದರೆ ಸಿಂಕಿನ ಪಾಲು, ಹಿಂಡದಿದ್ದರೆ ಕೆನ್ನೆಗೆ ಏನೂ ಇಲ್ಲ. ಎಂಟು ತಿಂಗಳಿಗೆ ನಡುವಿನ ಕೂದಲು ಗೊಂಚಲು ಗೊಂಚಲಾಗಿ ಕಿತ್ತು ಬಂತು. ಮಾರಿದವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಆಮೇಲೆ ಇಟಲಿಯ ಒಮೆಗಾದ ಹಂದಿಗೂದಲಿನ ಬ್ರಷ್ಷು ತಂದೆ, ಏಳುನೂರರ ಆಸುಪಾಸು. ಇದು ನಿಜವಾಗಿಯೂ ಒಳ್ಳೆಯ ಬ್ರಷ್ಷು, ಈಗಲೂ ನನ್ನ ಹತ್ತಿರ ಇದೆ. ಪಳಗಿಸಲು ಇಪ್ಪತ್ತೈದು ಸಲ ನೊರೆ ಕಟ್ಟಬೇಕಾಯಿತು. ತುದಿ ಸೀಳಿ ಮೆತ್ತಗಾಗುವವರೆಗೆ ತಾಳ್ಮೆ ಬೇಕೇ ಬೇಕು. ಆದರೆ ಪಳಗಿದ ಮೇಲೂ ಬೆಂಗಳೂರಿನ ಮನೆಯಲ್ಲಿ ನೊರೆ ಒಡೆದ ಹಾಲಿನ ಹಾಗೆ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆ ಒಣಗಿರುತ್ತಿತ್ತು. ಸೋಪು ಬದಲಿಸಿದೆ, ಕ್ರೀಮು ಬದಲಿಸಿದೆ, ಕೈ ತಿರುಗಿಸುವ ರೀತಿಯನ್ನೂ ಬದಲಿಸಿದೆ.

ಗುಟ್ಟು ಬಯಲಾದದ್ದು ಸಾಗರದಲ್ಲಿ, ಅತ್ತೆ ಮನೆಯಲ್ಲಿ. ಅದೇ ಬ್ರಷ್ಷು, ಅದೇ ಸೋಪು, ಬಾವಿಯ ನೀರು. ಎರಡು ನಿಮಿಷ ತಿರುಗಿಸಿದ್ದಕ್ಕೆ ಬೋಗುಣಿಯಿಂದ ಉಕ್ಕುವಷ್ಟು ನೊರೆ. ಕಡೆದ ಮೊಸರಿನ ಹಾಗೆ ನುಣುಪು, ಬ್ರಷ್ಷು ಎತ್ತಿದರೆ ತುದಿಯಲ್ಲಿ ಕೊಕ್ಕೆಯಂತೆ ಬಾಗಿ ನಿಲ್ಲುತ್ತಿತ್ತು. "ಬಾವ, ಗಡ್ಡಕ್ಕೆ ಇಷ್ಟೊತ್ತಾ, ತಿಂಡಿ ಆರ್ತಾ ಇದೆ" ಅಂತ ಬಾಮೈದ ಕರೆಯುತ್ತಿದ್ದರೂ ನಾನು ಆ ನೊರೆಯನ್ನೇ ನೋಡುತ್ತ ನಿಂತಿದ್ದೆ. ಬೆಂಗಳೂರಿಗೆ ಬಂದು ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ತರಿಸಿ ನಲ್ಲಿ ನೀರಿಗೆ ಅದ್ದಿದೆ: 850, ಕೆಲವು ದಿನ 900ರ ಮೇಲೆ. ನಮ್ಮದು ಪೂರ್ತಿ ಬೋರ್‌ವೆಲ್ ಬಡಾವಣೆ. ಅಡುಗೆಮನೆಯ ಆರ್‌ಒ ನೀರು 60. ನೊರೆ ಕೆಡಿಸುತ್ತಿದ್ದದ್ದು ಬ್ರಷ್ಷಲ್ಲ, ಗಡಸು ನೀರು.

ಹಾಗಾದರೆ ಹಂದಿಗೂದಲನ್ನೇ ಆರ್‌ಒ ನೀರಲ್ಲಿ ನೆನೆಸಬಹುದಿತ್ತಲ್ಲ ಅನ್ನುತ್ತೀರಿ. ನೆನೆಸಿದೆ. ನೊರೆ ಸರಿಹೋಯಿತು. ಆದರೆ ಬೆಳಗಿನ ಹೊತ್ತು ಹತ್ತು ನಿಮಿಷ ನೆನೆಯಲು ಕಾಯಬೇಕು. ತೊಳೆಯುವುದಂತೂ ಮತ್ತೆ ಬೋರ್ ನೀರಲ್ಲೇ ಆಗುವುದರಿಂದ ಸೋಪಿನ ಬಿಳಿ ಚರಟ ಕೂದಲಿನ ಬುಡಕ್ಕೆ ಮೆತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ವಿನೆಗರ್ ಬೆರೆಸಿದ ನೀರಲ್ಲಿ ಅದ್ದಿಡಬೇಕು. ಮಳೆಗಾಲದಲ್ಲಿ ಎರಡು ದಿನವಾದರೂ ಬುಡ ಒಣಗದು, ಮುಗ್ಗಲು ನಾತ ಬೇರೆ.

ಸಿಂಥೆಟಿಕ್ ಎಳೆ ನೀರು ಕುಡಿಯುವುದಿಲ್ಲ. ಇದನ್ನು ಎಲ್ಲರೂ ಅದರ ದೋಷ ಅನ್ನುತ್ತಾರೆ, ನನ್ನ ನೀರಿಗೆ ಅದೇ ಅದರ ಗುಣ. ಬ್ರಷ್ಷು ತಾನಾಗಿ ನೀರು ಹೊತ್ತು ತರುವುದಿಲ್ಲವಾದ್ದರಿಂದ ಬೋಗುಣಿಯಲ್ಲಿರುವುದು ನಾನು ಹಾಕಿದ ನೀರು ಮಾತ್ರ. ಆರ್‌ಒ ನೀರು ಮೂರು ಚಮಚ, ಆಮೇಲೆ ಹನಿ ಹನಿಯಾಗಿ ಇನ್ನೊಂದು. ಅಷ್ಟೇ ಸಾಕು. ಬೋರ್ ನೀರಲ್ಲಿ ತೊಳೆದರೂ ಚರಟ ಹಿಡಿಯುವುದು ಕಡಿಮೆ, ಕೊನೆಗೆ ಒಂದು ಲೋಟ ಒಳ್ಳೆ ನೀರಲ್ಲಿ ಜಾಲಿಸಿದರೆ ಮುಗಿಯಿತು. ಮಧ್ಯಾಹ್ನದೊಳಗೆ ಒಣಗಿರುತ್ತದೆ.

ಆದರೆ ಯಾವ ಸಿಂಥೆಟಿಕ್ ಆದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಹಳೆ ಕಾಲದ ದಪ್ಪ ನೈಲಾನ್ ಎಳೆಯದು ಪೊರಕೆಯೇ ಸರಿ. ಮೂರು ನಾಟ್, ಅಂದರೆ ಹಿಡಿಗೆ ಕೂರಿಸುವ ಎಳೆಗಳ ಕಟ್ಟು, ತರಿಸಿ ನೋಡಿದೆ, ಒಂದೊಂದು ಐನೂರರಿಂದ ಆರುನೂರೈವತ್ತು. ಅಂಗೈ ಮೇಲೆ ಒತ್ತಿ ಹೂವಿನಂತೆ ಅರಳಿಸಿ, ಕೈ ತೆಗೆದ ಕೂಡಲೇ ಟಪ್ಪೆಂದು ನೆಟ್ಟಗಾದರೆ ಅದನ್ನು ಬಿಡಿ, ಮುಖದ ಮೇಲೆ ನೊರೆ ಎರಚುತ್ತದೆ. ನಿಧಾನವಾಗಿ ಮುಚ್ಚಿಕೊಳ್ಳುವುದು ಬೇಕು. ತುದಿ ಮೆತ್ತಗೆ, ನಡು ಗಟ್ಟಿ. 28 ಮಿ.ಮೀ. ದಪ್ಪದ್ದು ನೋಡಲು ಭರ್ಜರಿ, ಆದರೆ ಮೂಗಿನೊಳಕ್ಕೂ ಮೀಸೆಗೂ ಸೋಪು ಮೆತ್ತುತ್ತದೆ. ನನಗೆ 24 ಮಿ.ಮೀ. ಸರಿಹೋಯಿತು. ದಪ್ಪ ಮೀಸೆಯವರು 22 ತಗೊಳ್ಳಿ. ಎಳೆಯ ಉದ್ದ ಹಿಡಿಯಿಂದ ಮೇಲಕ್ಕೆ 51 ಇಟ್ಟಿದ್ದೇನೆ. 55 ಇಟ್ಟಾಗ ಬೋಗುಣಿಯಲ್ಲಿ ಚೆನ್ನಾಗಿತ್ತು, ಕೆನ್ನೆಯ ಮೇಲೆ ಜೋಲುತ್ತಿತ್ತು. ನಾಲ್ಕೇ ಮಿಲಿಮೀಟರು, ಬ್ರಷ್ಷೇ ಬೇರೆಯಾಯಿತು.

ಹಿಡಿಯ ಕಥೆ ದೊಡ್ಡದು. ಮೈಸೂರು ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೆನೋ, ಒಂದು ದಿನ ಚನ್ನಪಟ್ಟಣದಲ್ಲಿ ಇಳಿದು ಲೇತ್ ಇಟ್ಟುಕೊಂಡಿದ್ದ ಮೇಸ್ತ್ರಿಯೊಬ್ಬರಿಗೆ ಚಿತ್ರ ತೋರಿಸಿದೆ. "ಮಾಡ್ಕೊಡ್ತೀನಿ ಸಾರ್, ಆದ್ರೆ ದಿನಾ ನೀರಿಗೆ ಹಾಕಿದ್ರೆ ನಂದು ಗ್ಯಾರಂಟಿ ಇಲ್ಲ" ಅಂದರು. ಬಿಳಿ ಆಲೆಮರದ ತುಂಡು ಗಿರ್ರನೆ ತಿರುಗುವಾಗ ಕೆಂಪು ಅರಗಿನ ಕಡ್ಡಿ ಒತ್ತಿದರು. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹರಡಿಕೊಂಡಿತು. ಆಮೇಲೆ ತಾಳೆಗರಿ ಹಿಡಿದರು ನೋಡಿ, ಕನ್ನಡಿಯಂತೆ ಹೊಳಪು ಬಂತು. 150 ರೂಪಾಯಿ ಕೊಟ್ಟೆ.

ಮೊದಲನೆಯದಕ್ಕೆ ಅರಾಲ್ಡೈಟ್ ಅಂಟು ಹಾಕಿ ನೇರ ನಾಟ್ ಕೂರಿಸಿದೆ. ತಿಂಗಳಿಗೆಲ್ಲ ಬಾಯಿಯ ಸುತ್ತ ಬಿಳಿ ಉಂಗುರ, ಮರ ಉಬ್ಬಿ ಸಣ್ಣ ಬಿರುಕು. ಒಂದು ಬೆಳಿಗ್ಗೆ ನಾಟ್ ಬೆರಳಿಗೇ ಬಂತು. ಎರಡನೆಯದನ್ನು ಹಳೆ ಅಭ್ಯಾಸದಲ್ಲಿ ಸುಡುನೀರಿನ ಮಗ್ಗಿಗೆ ಪೂರ್ತಿ ಮುಳುಗಿಸಿಟ್ಟೆ, ಅರಗು ಮೆತ್ತಗಾಗಿ ಹೆಬ್ಬೆರಳಿನ ಗುರುತು ಹಾಗೇ ಉಳಿಯಿತು. ಮೂರನೆಯದರ ತೂತು 26 ಆಗಿಹೋಗಿ ನಾಟ್ ವಾಲಿತು. ನಾಲ್ಕನೆಯದಕ್ಕೆ ಮೇಸ್ತ್ರಿ ಮುಖ ನೋಡಿದರು, ಆದರೂ ಈ ಸಲ ಅವರೇ ಆಸ್ಥೆಯಿಂದ ಒಂದು ವರ್ಷ ಒಣಗಿದ ಮರ ಹುಡುಕಿ ಕಡೆದುಕೊಟ್ಟರು. ತೂತು 24.5, ಆಳ 12 ಇರಬೇಕು. ಹೊಟ್ಟೆಯ ಭಾಗಕ್ಕೆ ಮಾತ್ರ ಅರಗು. ಬಾಯಿಯ ಅಂಚು, ತಳ, ತೂತಿನ ಒಳಗೋಡೆ ಬರೀ ಮರವಾಗಿ ಬಿಡಿಸಿಕೊಂಡು ಬಂದೆ. ಅಂಚು ಮತ್ತು ತಳಕ್ಕೆ ನೀರು ಒಳಗೆ ಬಿಡದ ಎಪಾಕ್ಸಿ ಅಂಟು ತೆಳುವಾಗಿ, ಎರಡು ಪದರ. ಒಳಗೋಡೆಗೆ ಮೊದಲು ಏನು ಸವರಿದೆ, ಎಷ್ಟು ದಿನ ಬಿಟ್ಟೆ ಎನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ತೆತ್ತಿರುವುದು ಮೂರು ಹಿಡಿ, ಎರಡು ನಾಟ್.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಂಟುವಾಳದ ನೀರನ್ನು ಬ್ರಷ್ಷಿನಲ್ಲಿ ಕಡೆದೆ: ನೊರೆ ಬೆಟ್ಟದಷ್ಟು, ಜಾರುಗುಣ ಸೊನ್ನೆ, ಕಣ್ಣು ಉರಿ. ಮೈಸೂರು ಸ್ಯಾಂಡಲ್ ಸೋಪು ತುರಿದು ನೋಡಿದೆ. ಪರಿಮಳಕ್ಕೆ ಮನೆಯೆಲ್ಲ ಹಬ್ಬವಾಯಿತು, ಆದರೆ ಅದು ಮೈಗೆ ಮಾಡಿದ ಸೋಪು, ಗಡ್ಡಕ್ಕೆ ನಿಲ್ಲುವ ನೊರೆ ಅದರ ಕೆಲಸವಲ್ಲ. ಗ್ಲಿಸರಿನ್ ಎರಡು ಹನಿ ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು, ಚಳಿಗಾಲದಲ್ಲಿ ಈಗಲೂ ಹಾಕುತ್ತೇನೆ. ಬ್ರಷ್ಷನ್ನು ತಲೆಕೆಳಗಾಗಿ ನೇತುಹಾಕುವ ಸ್ಟ್ಯಾಂಡಿಗೆ ನಾನೂರು ಕೊಟ್ಟಿದ್ದೆ. ಒಂದು ವಾರ ನೇತುಹಾಕಿ, ಒಂದು ವಾರ ನೆಟ್ಟಗೆ ನಿಲ್ಲಿಸಿ ನೋಡಿದರೆ ಸಿಂಥೆಟಿಕ್‌ಗೆ ಏನೂ ವ್ಯತ್ಯಾಸವಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಎಲ್ಲ ಸೇರಿ ಕಳೆದುಕೊಂಡದ್ದು ಏಳು ಸಾವಿರದ ಹತ್ತಿರ. ಗೆದ್ದ ಬ್ರಷ್ಷಿನ ಖರ್ಚು ನಾಟು, ಹಿಡಿ, ಅಂಟು ಸೇರಿ ಎಂಟುನೂರರೊಳಗೆ. ಕಳೆದ ತಿಂಗಳು ಅದನ್ನು ಚನ್ನಪಟ್ಟಣಕ್ಕೆ ಒಯ್ದು ಮೇಸ್ತ್ರಿಯವರ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು, ಬಾಯಿಯ ಅಂಚಿಗೆ ಉಗುರು ಹಾಕಿ ಕೆರೆದರು, ನಾಟ್ ಹಿಡಿದು ಜಗ್ಗಿದರು. "ಒಳಗೆ ಏನ್ ಹಾಕಿದ್ರಿ ಸಾರ್?" ಅಂದರು. ಅವರಿಗೆ ಮಾತ್ರ ಹೇಳಿದೆ. ಗೆಳೆಯರಿಗಾಗಿ ಎರಡು ಹಿಡಿಗೆ ಮುಂಗಡ ಕೊಟ್ಟು ಬಂದಿದ್ದೇನೆ, ಒಂದು ಹಳದಿ, ಒಂದು ಹಸಿರು.